ಕರುಳಿನ ದಾರಿಯಲ್ಲಿ ಒಂದೆಳೆ ದಾರ

ಬೆಕ್ಕು ನಾಯಿಗಳು ನುಂಗಿಬಿಡುವ ಅನ್ಯವಸ್ತುಗಳನ್ನು, ಅಂದರೆ ಆಹಾರವಲ್ಲದ ಮತ್ತು ಜೀರ್ಣವಾಗದ ಪದಾರ್ಥಗಳನ್ನು, ಪಶುವೈದ್ಯಶಾಸ್ತ್ರವು ಅವುಗಳ ಆಕಾರವನ್ನು ನೋಡಿ ಎರಡು ಗುಂಪಾಗಿ ವಿಂಗಡಿಸುತ್ತದೆ. ಗೋಲಿ, ಹಣ್ಣಿನ ಓಟೆ, ಅಂಗಿಯ ಗುಂಡಿ, ಎಲುಬಿನ ಚೂರುಗಳಂಥ ಬಿಡಿ ವಸ್ತುಗಳು ಮೊದಲನೆಯ ಗುಂಪಿಗೆ ಸೇರುತ್ತವೆ. ಅವು ಸಣ್ಣವಾಗಿದ್ದರೆ ಸಾಮಾನ್ಯವಾಗಿ ಮಲದೊಂದಿಗೆ ಹೊರಬೀಳುತ್ತವೆ, ದೊಡ್ಡವಾಗಿದ್ದರೆ ಕರುಳಿನ ಯಾವುದೋ ಒಂದೆಡೆ ಸಿಕ್ಕಿಕೊಂಡು ಅಲ್ಲಿಯೇ ದಾರಿಯನ್ನು ಮುಚ್ಚುತ್ತವೆ. ದಾರ, ನೂಲು, ನಾರು, ಹುರಿ, ರಿಬ್ಬನ್, ಲಾಡಿ, ಗಾಳದ ನೈಲಾನ್ ಎಳೆ ಮೊದಲಾದವು ಎರಡನೆಯ ಗುಂಪಿನವು. ಪಶುವೈದ್ಯರು 'ಲೀನಿಯರ್ ಫಾರಿನ್ ಬಾಡಿ' ಎಂದು ಕರೆಯುವ ಇವನ್ನು ನೀಳ ಅನ್ಯವಸ್ತುಗಳೆನ್ನಬಹುದು. ಬೆರಳುಗಳ ನಡುವೆ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಇಂಥ ಒಂದೆಳೆಯು ಗೋಲಿಗಿಂತ ಹೆಚ್ಚು ಅಪಾಯಕಾರಿಯಾಗುವುದೇಕೆ ಎಂಬುದನ್ನು ತಿಳಿಯಲು ಕರುಳು ಕೆಲಸ ಮಾಡುವ ರೀತಿಯನ್ನೇ ಮೊದಲು ನೋಡಬೇಕಾಗುತ್ತದೆ.

ಸಣ್ಣಕರುಳಿನ ಗೋಡೆಯಲ್ಲಿರುವ ಸ್ನಾಯುಗಳು ಒಂದರ ಹಿಂದೊಂದು ಸಂಕೋಚಿಸಿ ಸಡಿಲಗೊಳ್ಳುತ್ತ ಒಳಗಿರುವುದನ್ನು ಮುಂದಕ್ಕೆ ತಳ್ಳುತ್ತಿರುತ್ತವೆ. ಶರೀರಶಾಸ್ತ್ರದಲ್ಲಿ ಪೆರಿಸ್ಟಾಲ್ಸಿಸ್ ಎನಿಸಿಕೊಳ್ಳುವ ಈ ಅಲೆಚಲನೆಯು ಪ್ರಾಣಿಯ ಇಚ್ಛೆಗೆ ಒಳಪಟ್ಟದ್ದಲ್ಲ, ನಿದ್ರೆಯಲ್ಲಿಯೂ ನಿಲ್ಲುವಂಥದ್ದಲ್ಲ. ನುಂಗಿದ ದಾರದ ಎರಡು ತುದಿಗಳೂ ಬಿಡಿಯಾಗಿದ್ದರೆ ಅದು ಆಹಾರದ ಜೊತೆಗೆ ಸಾಗಿ ಹೋಗುವ ಸಂಭವವಿದೆ. ಆದರೆ ಒಂದು ತುದಿ ಮೇಲೆ ಎಲ್ಲಿಯಾದರೂ ಸಿಕ್ಕಿಕೊಂಡು, ಉಳಿದ ಭಾಗ ಕರುಳಿಗಿಳಿದರೆ ಪರಿಸ್ಥಿತಿಯೇ ಬೇರೆಯಾಗುತ್ತದೆ. ಕರುಳು ದಾರವನ್ನು ಮುಂದಕ್ಕೆ ತಳ್ಳಲು ಯತ್ನಿಸುತ್ತದೆ, ದಾರ ಜಗ್ಗುವುದಿಲ್ಲ. ಹೀಗಾಗಿ ದಾರ ಮುಂದೆ ಹೋಗುವ ಬದಲು ಕರುಳೇ ದಾರದ ಮೇಲೆ ಹಿಂದಕ್ಕೆ ಏರುತ್ತ, ಲಾಡಿಯನ್ನು ಎಳೆದಾಗ ಲಂಗದ ನಡುಪಟ್ಟಿ ಮುದುಡಿಕೊಳ್ಳುವಂತೆ, ನೆರಿಗೆ ನೆರಿಗೆಯಾಗಿ ಒಂದೆಡೆ ಗುಂಪುಗೂಡುತ್ತದೆ. ಬಿಗಿಯಾಗಿ ನಿಂತ ದಾರವು ಸುತ್ತುಗಳ ನಡುವೆ ಅತ್ಯಂತ ಹತ್ತಿರದ ಹಾದಿಯನ್ನು ಹಿಡಿಯುವುದರಿಂದ, ಅದು ಕರುಳಿನ ಒಳಬಾಗಿನ ಅಂಚಿಗೆ, ಅಂದರೆ ಕರುಳನ್ನು ಬೆನ್ನಿನ ಗೋಡೆಗೆ ಜೋಡಿಸಿ ಅದಕ್ಕೆ ರಕ್ತವನ್ನು ಒಯ್ಯುವ ಮೆಸೆಂಟರಿ ಎಂಬ ಪೊರೆ ಅಂಟಿಕೊಂಡಿರುವ ಬದಿಗೆ ಒತ್ತಿಕೊಂಡಿರುತ್ತದೆ. ಒಂದೊಂದು ಅಲೆ ಬಂದಾಗಲೂ ಕರುಳಿನ ಒಳಪದರ ಆ ದಾರಕ್ಕೆ ಉಜ್ಜುತ್ತದೆ. ಮೊದಲು ಒಳಪೊರೆ ಸವೆದು, ಅನಂತರ ಕರುಳಿಗೆ ಬಲವನ್ನು ಕೊಡುವ ನಡುಪದರ ಸೀಳಿ, ಕೊನೆಗೆ ಒಂದೇ ದಾರದ ಉದ್ದಕ್ಕೂ ಹಲವು ಕಡೆಗಳಲ್ಲಿ ತೂತು ಬೀಳಬಹುದು. ಕರುಳಿನೊಳಗಿನ ಬ್ಯಾಕ್ಟೀರಿಯಾಗಳು ಆ ತೂತುಗಳ ಮೂಲಕ ಉದರದ ಕುಹರಕ್ಕೆ ಸೋರಿದಾಗ ಉಂಟಾಗುವ ಪೆರಿಟೊನೈಟಿಸ್, ಅಂದರೆ ಉದರಪೊರೆಯ ಸೋಂಕು ಮತ್ತು ಉರಿಯೂತ, ಪ್ರಾಣಿಯನ್ನು ಕೊಲ್ಲುವಷ್ಟು ತೀವ್ರವಾದದ್ದು. ಕರುಳಿನ ಆರೋಗ್ಯವಂತ ಚಲನೆಯೇ ಅದಕ್ಕೆ ಗಾಯ ಮಾಡುತ್ತದೆ ಎಂಬುದು ಈ ತೊಂದರೆಯ ತಿರುಳು. ಮನೆಯವರು ಗುರುತಿಸುವಲ್ಲಿ ಮಾಡುವ ತಡವೂ ಉಪಚಾರದಲ್ಲಿ ಮಾಡುವ ತಪ್ಪುಗಳೂ ಬಹುಪಾಲು ಈ ಒಂದು ಸಂಗತಿಯನ್ನು ಅರಿಯದಿರುವುದರಿಂದಲೇ ಆಗುತ್ತವೆ.

ದಾರ ಸಿಕ್ಕಿಕೊಳ್ಳುವ ಜಾಗ ಬೆಕ್ಕಿನಲ್ಲಿ ಒಂದು, ನಾಯಿಯಲ್ಲಿ ಇನ್ನೊಂದು. ಬೆಕ್ಕಿನಲ್ಲಿ ಅದು ಹೆಚ್ಚಾಗಿ ನಾಲಿಗೆಯ ಬುಡ. ದಾರದ ನಡುಭಾಗ ನಾಲಿಗೆಯ ಅಡಿಗೆ ಸರಿದು, ನಾಲಿಗೆಯನ್ನು ಬಾಯಿಯ ತಳಕ್ಕೆ ಜೋಡಿಸುವ ತೆಳುಪೊರೆಗೆ ಕುಣಿಕೆಯಾಗಿ ಬಿದ್ದು, ಎರಡೂ ತುದಿಗಳು ಗಂಟಲಿಗಿಳಿದಿರುತ್ತವೆ. ದಿನ ಕಳೆದಂತೆ ಆ ಕುಣಿಕೆ ಮಾಂಸದೊಳಗೆ ಕೊರೆದುಕೊಂಡು ಹೊರಗಿನಿಂದ ಕಾಣದಂತೆಯೂ ಆಗಬಹುದು. ಬೆಕ್ಕಿನ ನಾಲಿಗೆಯ ರಚನೆಯೂ ಇದಕ್ಕೆ ಒದಗಿಬರುತ್ತದೆ. ಉಗುರು ಯಾವುದರಿಂದ ಆಗಿದೆಯೋ ಆ ಕೆರಟಿನ್ ಎಂಬ ಗಟ್ಟಿ ದ್ರವ್ಯದಿಂದಲೇ ಆದ ನೂರಾರು ಸಣ್ಣ ಮುಳ್ಳುಗಳು ಅದರ ಮೇಲಿದ್ದು, ಅವೆಲ್ಲವೂ ಗಂಟಲಿನ ಕಡೆಗೆ ಬಾಗಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಮುಳ್ಳುಗಳ ತುದಿಯಲ್ಲಿ ಟೊಳ್ಳು ಇರುವುದನ್ನೂ ಅದರಲ್ಲಿ ಎಂಜಲು ತುಂಬಿಕೊಂಡು ರೋಮದ ಬುಡದವರೆಗೆ ತಲುಪುವುದನ್ನೂ ತೋರಿಸಿಕೊಟ್ಟಿತು. ಮೈ ನೆಕ್ಕಿ ಶುಚಿ ಮಾಡಿಕೊಳ್ಳಲು ಇಷ್ಟು ಅನುಕೂಲವಾದ ಈ ಉಪಾಯವು ದಾರದ ವಿಷಯದಲ್ಲಿ ಅನನುಕೂಲವಾಗುತ್ತದೆ, ಏಕೆಂದರೆ ಒಮ್ಮೆ ನಾಲಿಗೆಯ ಮೇಲೆ ಬಿದ್ದ ಎಳೆಯನ್ನು ಹಿಂದುಮುಖವಾದ ಮುಳ್ಳುಗಳು ಒಳಕ್ಕೇ ಒಯ್ಯುತ್ತವೆ, ಹೊರಕ್ಕೆ ಉಗುಳುವುದು ಬೆಕ್ಕಿಗೆ ಸುಲಭವಾಗಿ ಸಾಧ್ಯವಾಗುವುದಿಲ್ಲ. ಆಟಕ್ಕೆಂದು ಬಾಯಿಗೆ ಹಾಕಿದ್ದು ಹೀಗೆ ನುಂಗಿದ್ದಾಗಿಬಿಡುತ್ತದೆ. ನಾಯಿಗಳಲ್ಲಿ ದಾರ ಅಥವಾ ಬಟ್ಟೆಯ ಪಟ್ಟಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಜಠರ ಮುಗಿದು ಸಣ್ಣಕರುಳು ಆರಂಭವಾಗುವ ಪೈಲೋರಸ್ ಎಂಬ ಕಿರಿದಾದ ಹೊರಬಾಯಿಯಲ್ಲಿ. ಉಂಡೆಯಾದ ಒಂದು ಭಾಗ ಜಠರದಲ್ಲಿ ಉಳಿದು, ಬಾಲದ ಭಾಗ ಕರುಳಿಗೆ ಇಳಿಯುತ್ತದೆ. ನಾಯಿಗಳು ನುಂಗುವುದು ಹೊಲಿಗೆ ದಾರಕ್ಕಿಂತ ಹೆಚ್ಚಾಗಿ ಕಾಲುಚೀಲ, ಟವೆಲಿನ ಅಂಚು, ಹರಿದ ಚಾದರದ ಪಟ್ಟಿ, ಹಗ್ಗದ ಆಟಿಕೆಯ ಎಳೆಗಳನ್ನು.

ಎಳೆಯ ಬೆಕ್ಕುಗಳು ಈ ಅಪಾಯಕ್ಕೆ ಹೆಚ್ಚಾಗಿ ಸಿಲುಕುತ್ತವೆ. ನೆಲದ ಮೇಲೆ ಸರಿದಾಡುವ ಸಪೂರ ವಸ್ತುವನ್ನು ಬೆನ್ನಟ್ಟಿ ಹಿಡಿಯುವುದು ಬೇಟೆಗಾರ ಪ್ರಾಣಿಯ ಹುಟ್ಟುಗುಣ, ಇಲಿಯ ಬಾಲಕ್ಕೂ ಉಲ್ಲನ್ ಎಳೆಗೂ ಆ ಗುಣ ಭೇದವೆಣಿಸುವುದಿಲ್ಲ. ಸಯಾಮಿ ಮತ್ತು ಬರ್ಮಿ ತಳಿಯ ಕೆಲವು ಬೆಕ್ಕುಗಳಲ್ಲಿ ಉಣ್ಣೆಯನ್ನು ಚೀಪುವ, ಕಡೆಗೆ ಜಗಿದು ನುಂಗುವ ಚಾಳಿಯೊಂದನ್ನು ಪಶುವೈದ್ಯರು ಬಹುಕಾಲದಿಂದ ಗುರುತಿಸಿದ್ದಾರೆ. ಉಲ್ಲನ್ ಉಂಡೆಯ ಜೊತೆ ಆಡುವ ಬೆಕ್ಕುಮರಿಯ ಚಿತ್ರ ಮಕ್ಕಳ ಪುಸ್ತಕಗಳಲ್ಲಿಯೂ ಕ್ಯಾಲೆಂಡರುಗಳಲ್ಲಿಯೂ ಎಷ್ಟು ಮುದ್ದಾಗಿ ಬಂದಿದೆಯೆಂದರೆ, ಅದನ್ನು ಅಪಾಯದ ಚಿತ್ರವೆಂದು ನೋಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಒಪ್ಪಬೇಕಾದ ಅಗತ್ಯ ಮಾತ್ರ ನಿಜವಾಗಿಯೂ ಇದೆ.

ಈ ವಿಷಯದ ಪಾಶ್ಚಾತ್ಯ ಬರಹಗಳು ಕ್ರಿಸ್‌ಮಸ್ ಮರದ ಮಿನುಗುಪಟ್ಟಿ, ಹಲ್ಲಿನ ಸಂದು ಶುಚಿಮಾಡುವ ದಾರ, ಉಡುಗೊರೆಯ ರಿಬ್ಬನ್ ಇವನ್ನೇ ಮುಂದಿಟ್ಟು ಎಚ್ಚರಿಸುತ್ತವೆ. ಕನ್ನಡ ನಾಡಿನ ಮನೆಗಳ ಪಟ್ಟಿ ಬೇರೆಯೇ ಆಗಿದೆ, ಮತ್ತು ಅದು ಹೆಚ್ಚು ಉದ್ದವಾಗಿದೆ. ಮೊದಲು ದೇವರ ಕೋಣೆಯನ್ನೇ ತೆಗೆದುಕೊಂಡರೆ, ಹತ್ತಿಯನ್ನು ಎಳೆದು ಹೊಸೆದು ನಡುನಡುವೆ ಕುಂಕುಮ ಹಚ್ಚಿದ ಗೆಜ್ಜೆವಸ್ತ್ರವೂ, ತುಪ್ಪ ಅಥವಾ ಎಣ್ಣೆಯಲ್ಲಿ ನೆನೆದ ಬತ್ತಿಯೂ, ಅರಿಸಿನ ಹಚ್ಚಿದ ವ್ರತದ ದಾರವೂ ಅಲ್ಲಿ ದಿನನಿತ್ಯ ಅಥವಾ ಹಬ್ಬದ ದಿನಗಳಲ್ಲಿ ಇದ್ದೇ ಇರುತ್ತವೆ. ಇವುಗಳಲ್ಲಿ ಉರಿದು ಉಳಿದ ತುಪ್ಪದ ಬತ್ತಿ ವಾಸನೆಯಿಂದಲೇ ನಾಯಿಯನ್ನೂ ಬೆಕ್ಕನ್ನೂ ಕರೆಯುವಂಥದ್ದು. ಗಿಡ್ಡ ಹೂಬತ್ತಿ ಬಿಡಿ ವಸ್ತುವಿನ ಗುಂಪಿಗೆ ಸೇರಿದರೆ, ಉದ್ದವಾಗಿ ಹೊಸೆದ ಬತ್ತಿ ನೀಳ ವಸ್ತುವಿನ ಗುಂಪಿಗೆ ಸೇರುತ್ತದೆ. ಹೂವಿನದು ಇನ್ನೊಂದು ಕಥೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳನ್ನು ಹಿಂದೆ ನೀರಲ್ಲಿ ನೆನೆಸಿದ ಬಾಳೆನಾರಿನಿಂದ ಕಟ್ಟುತ್ತಿದ್ದರು, ಉಡುಪಿಯ ಕಡೆಯ ಶಂಕರಪುರ ಮಲ್ಲಿಗೆಯನ್ನು ಈಗಲೂ ಹಾಗೆಯೇ ಕಟ್ಟುತ್ತಾರೆ. ಪೇಟೆಗಳ ಹೂವಾಡಗಿತ್ತಿಯರು ಬಹುಮಟ್ಟಿಗೆ ಉಂಡೆಯ ದಾರವನ್ನು ಬಳಸುತ್ತಾರೆ. ಬಾಡಿದ ಹೂ ಉದುರಿಹೋಗಿ ಗಂಟುಗಂಟಾದ ದಾರವಷ್ಟೇ ಉಳಿದಾಗ ಅದು ಮುಡಿಯಿಂದ ಕಿಟಕಿಗೆ, ಕಿಟಕಿಯಿಂದ ನೆಲಕ್ಕೆ ಬೀಳುತ್ತದೆ, ಮತ್ತು ಮೊಳದಷ್ಟು ಉದ್ದವಾಗಿ, ಮೊಳಕ್ಕೆ ಹತ್ತಾರು ಗಂಟುಗಳೊಂದಿಗೆ ಇರುವುದರಿಂದ ಸಾದಾ ದಾರಕ್ಕಿಂತ ಬೇಗ ಸಿಕ್ಕಿಕೊಳ್ಳುತ್ತದೆ.

ಅಡಿಗೆಮನೆಯ ದಾರಗಳಿಗೆ ರುಚಿಯೂ ಅಂಟಿರುವುದರಿಂದ ಅವು ನಾಯಿಗಳಿಗೆ ಹೆಚ್ಚು ಅಪಾಯಕಾರಿ. ಬೆಂಗಳೂರು, ಮೈಸೂರುಗಳ ಹಳೆಯ ಅಯ್ಯಂಗಾರ್ ಬೇಕರಿಗಳಲ್ಲಿ ಖಾರಾ ಬನ್ನು, ಪಪ್ಸುಗಳನ್ನು ಕಾಗದದಲ್ಲಿ ಸುತ್ತಿ ಮೇಲಿನಿಂದ ಇಳಿಬಿಟ್ಟ ಉಂಡೆಯ ದಾರದಿಂದ ಕಟ್ಟಿಕೊಡುವ ರೂಢಿ, ಹೋಟೆಲಿನ ಪಾರ್ಸೆಲನ್ನು ಬಾಳೆಲೆ, ಕಾಗದಗಳಲ್ಲಿ ಮಡಿಚಿ ದಾರ ಸುತ್ತುವ ರೂಢಿ, ಹೂರಣ ತುಂಬಿದ ಹಾಗಲಕಾಯಿ ಬಾಣಲೆಯಲ್ಲಿ ಬಾಯಿಬಿಡದಂತೆ ನೂಲು ಬಿಗಿಯುವ ರೂಢಿ ಇವೆಲ್ಲವೂ ಬೆಣ್ಣೆ, ಸಾಂಬಾರು, ಮಸಾಲೆಗಳ ಪರಿಮಳ ಹೊತ್ತ ದಾರವನ್ನು ಕಸದ ಬುಟ್ಟಿಯ ಮೇಲ್ಭಾಗದಲ್ಲಿ ತಂದಿಡುತ್ತವೆ. ಅಕ್ಕಿ ಮೂಟೆಯ ಬಾಯಿಗೆ ಯಂತ್ರ ಹಾಕಿದ ಹೊಲಿಗೆಯ ಸರಿಯಾದ ತುದಿಯನ್ನು ಎಳೆದರೆ ಇಡೀ ದಾರ ಒಂದೇ ಸಲಕ್ಕೆ ಬಿಚ್ಚಿ ಕೈಗೆ ಬರುತ್ತದೆ. ಮೂಟೆ ಬಿಚ್ಚಿದ ಸಂತೋಷದಲ್ಲಿ ಅದನ್ನು ಅಲ್ಲಿಯೇ ಬಿಸಾಡುವುದು ಬಹುತೇಕ ಮನೆಗಳ ಅಭ್ಯಾಸ. ಮಲಗುವ ಕೋಣೆಗೆ ಬಂದರೆ ಜಡೆಯ ಕುಚ್ಚು, ರಬ್ಬರ್ ಬ್ಯಾಂಡು, ಸೀರೆ ಸೆರಗಿನ ಗೊಂಡೆ, ಸೊಳ್ಳೆಪರದೆ ಕಟ್ಟುವ ಲಾಡಿ, ಕೌದಿಯಿಂದ ಬಿಟ್ಟುಕೊಂಡ ದಪ್ಪ ಹೊಲಿಗೆಯ ಎಳೆ, ಶೂ ಲೇಸು, ರಕ್ಷಾಬಂಧನ ಕಳೆದ ಮೇಲೆ ಬಿಚ್ಚಿಟ್ಟ ರಾಖಿ ಇರುತ್ತವೆ. ಆಷಾಢದ ಗಾಳಿಯಲ್ಲಿ ಪಟ ಹಾರಿಸುವ ಊರುಗಳಲ್ಲಿ ಮಾಂಜಾ ದಾರವೂ ಮನೆಯ ಅಂಗಳಕ್ಕೆ ಬಂದು ಬೀಳುತ್ತದೆ. ನೈಲಾನ್ ಮತ್ತಿತರ ಕೃತಕ ಎಳೆಯ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದ್ದು ಮುಖ್ಯವಾಗಿ ಹಕ್ಕಿಗಳ ಮತ್ತು ಮನುಷ್ಯರ ಕತ್ತು ಕೊಯ್ಯುವ ಕಾರಣಕ್ಕೆ. ಗಾಜಿನ ಪುಡಿ ಮೆತ್ತಿದ ಅದೇ ದಾರ ಕರುಳಿನ ಒಳಗೆ ಏನು ಮಾಡಬಲ್ಲದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸೂಜಿ ಪೋಣಿಸಿದ ಹೊಲಿಗೆ ದಾರ. ಬೆಕ್ಕು ಜೀರ್ಣನಾಳಕ್ಕೆ ಸೇರಿಸಿಕೊಂಡ ಸೂಜಿ ದಾರಗಳ ಬಗೆಗೆ 64 ಪ್ರಕರಣಗಳನ್ನು ಪರಿಶೀಲಿಸಿದ ಲೇಖನವೊಂದು ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ 1984ರಲ್ಲಿಯೇ ಪ್ರಕಟವಾಗಿತ್ತೆಂದರೆ ಇದು ಅಪರೂಪದ ಘಟನೆಯಲ್ಲವೆಂದು ತಿಳಿಯುತ್ತದೆ. ಇಲ್ಲಿ ಮನೆಯವರು ಹೆದರುವುದು ಸೂಜಿಗೆ. ಸೂಜಿ ಚುಚ್ಚಿಕೊಳ್ಳುವುದು ನಿಜವಾದ ಅಪಾಯವೇ ಆದರೂ, ಅದು ಲೋಹವಾದ್ದರಿಂದ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಮತ್ತು ಎಲ್ಲಿದೆಯೆಂದು ಗೊತ್ತಾಗುತ್ತದೆ. ಅದರ ಹಿಂದಿರುವ ದಾರ ಕಾಣುವುದಿಲ್ಲ. ದಾರ ಬಿಡಿಯಾಗಿ ಹೋಗಿದ್ದರೆ ಸುಳಿವು ಕೊಡಲು ಸೂಜಿಯೂ ಇರುವುದಿಲ್ಲ.

ರೋಗಲಕ್ಷಣಗಳು ಮೋಸಗೊಳಿಸುವಂಥವು. ಗೋಲಿಯಂಥ ವಸ್ತು ಕರುಳನ್ನು ಪೂರ್ತಿ ಮುಚ್ಚಿದರೆ ಪ್ರಾಣಿ ಬೇಗನೆ ತೀವ್ರವಾಗಿ ವಾಂತಿ ಮಾಡಿಕೊಂಡು ಕುಸಿಯುತ್ತದೆ, ಮನೆಯವರೂ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ದಾರದಿಂದ ಆಗುವ ಅಡ್ಡಿ ಅನೇಕ ವೇಳೆ ಅರೆಬರೆಯಾದದ್ದು. ನೆರಿಗೆಗಟ್ಟಿದ ಕರುಳಿನಲ್ಲಿಯೂ ನೀರು ಮತ್ತು ತೆಳುವಾದ ಆಹಾರ ಸ್ವಲ್ಪ ಸ್ವಲ್ಪ ಸಾಗುತ್ತಿರುವುದರಿಂದ, ಬೆಕ್ಕು ಒಂದೆರಡು ಸಲ ವಾಂತಿ ಮಾಡಿ, ಊಟ ಬಿಟ್ಟು, ಮಂಚದ ಕೆಳಗೋ ಅಟ್ಟದ ಮೇಲೋ ಹೋಗಿ ಮುದುಡಿ ಕೂರುತ್ತದೆ, ನಡುವೆ ಮಲವಿಸರ್ಜನೆಯನ್ನೂ ಮಾಡುತ್ತದೆ. ಬೆಕ್ಕು ವಾಂತಿ ಮಾಡಿದರೆ ಅದು ರೋಮದ ಉಂಡೆಯೇ ಇರಬೇಕೆಂಬ ರೂಢಿಯ ನಂಬಿಕೆ ಇಲ್ಲಿ ಎರಡು ಮೂರು ದಿನಗಳನ್ನು ನುಂಗಿಹಾಕುತ್ತದೆ. ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿಯನ್ನು ಮತ್ತೆ ಮತ್ತೆ ಉಜ್ಜುವುದು, ಹೊಟ್ಟೆಯನ್ನು ಮುಟ್ಟಿದರೆ ಸಿಡುಕುವುದು, ಭೇದಿಯಲ್ಲಿ ರಕ್ತ ಕಾಣುವುದು, ಕತ್ತಿನ ಹಿಂಭಾಗದ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಕ್ಷಣ ಕೆಳಗಿಳಿಯದೆ ನಿರ್ಜಲೀಕರಣವನ್ನು ಸೂಚಿಸುವುದು ಇವುಗಳಲ್ಲಿ ಯಾವುದೊಂದು ಜೊತೆಗೂಡಿದರೂ ಕಾಯುವುದು ತರವಲ್ಲ. ಬೆಕ್ಕು, ವಿಶೇಷವಾಗಿ ಮೈತುಂಬಿಕೊಂಡ ಬೆಕ್ಕು, ಕೆಲವು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ಧಾವಿಸಿ ಅಲ್ಲಿ ಶೇಖರವಾಗುವ ಇನ್ನೊಂದು ಗಂಭೀರ ರೋಗ ಬರಬಹುದಾದ್ದರಿಂದ, ಊಟ ಬಿಟ್ಟದ್ದೊಂದೇ ಕೂಡ ಬೆಕ್ಕಿನ ಮಟ್ಟಿಗೆ ಸಣ್ಣ ಲಕ್ಷಣವಲ್ಲ.

ಬಾಯಿಯಿಂದಲೋ ಗುದದ್ವಾರದಿಂದಲೋ ದಾರದ ತುದಿ ನೇತಾಡುತ್ತಿದ್ದರೆ ನೋಡಿದವರ ಕೈ ತಾನಾಗಿ ಅದನ್ನು ಎಳೆಯಲು ಹೋಗುತ್ತದೆ. ಹಾಗೆ ಮಾಡಕೂಡದು. ಇನ್ನೊಂದು ತುದಿ ಒಳಗೆ ಎಲ್ಲಿ ಹಿಡಿದುಕೊಂಡಿದೆಯೆಂದು ಹೊರಗಿನಿಂದ ತಿಳಿಯುವಂತಿಲ್ಲ, ಮತ್ತು ನೆರಿಗೆಗಟ್ಟಿದ ಕರುಳಿನೊಳಗೆ ಬಿಗಿಯಾಗಿರುವ ದಾರವನ್ನು ಜಗ್ಗಿದರೆ, ಕರುಳು ಗಂಟೆಗಟ್ಟಲೆ ಉಜ್ಜಿ ಮಾಡುವ ಸೀಳನ್ನು ಒಂದು ಎಳೆತವೇ ಮಾಡಿಬಿಡುತ್ತದೆ. ಮಲದ್ವಾರದಲ್ಲಿ ನೇತಾಡುವ ಉದ್ದನೆಯ ತುದಿ ಮತ್ತೆ ಪ್ರಾಣಿಯ ಬಾಯಿಗೆ ಸಿಗುವಂತಿದ್ದರೆ, ಎಳೆಯದೆ, ಸ್ವಲ್ಪ ಉಳಿಸಿ ಕತ್ತರಿಯಿಂದ ತುಂಡರಿಸಿ ವೈದ್ಯರ ಬಳಿಗೆ ಒಯ್ಯಬಹುದು. ಬಾಯಿಯಲ್ಲಿ ಕಾಣುವ ದಾರವನ್ನಾದರೋ ಮನೆಯಲ್ಲಿ ಕತ್ತರಿಸಬಾರದು, ಏಕೆಂದರೆ ಅದು ಎಲ್ಲಿ ಸಿಕ್ಕಿದೆಯೆಂಬ ಗುರುತು ಅಲ್ಲಿಗೆ ಅಳಿದುಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯವು ರಕ್ತದಲ್ಲಿ ಸೋಡಿಯಂ ಪ್ರಮಾಣವನ್ನು ಅಪಾಯಕರವಾಗಿ ಏರಿಸುತ್ತದೆ. ಬಲವಂತವಾಗಿ ಸುರಿದ ಎಣ್ಣೆ ಅಥವಾ ಪ್ಯಾರಾಫಿನ್ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಭೇದಿ ಮಾಡಿಸುವ ಔಷಧಿಯಂತೂ ಕರುಳಿನ ಅಲೆಗಳನ್ನು ಇನ್ನಷ್ಟು ಚುರುಕುಗೊಳಿಸುತ್ತದೆ, ಅಂದರೆ ಗಾಯ ಮಾಡುತ್ತಿರುವ ಚಲನೆಗೇ ಬಲ ಕೊಡುತ್ತದೆ. ಮನೆಯವರು ಮಾಡಬಹುದಾದ ಉಪಕಾರವೆಂದರೆ ಉಳಿದ ದಾರದ ಉಂಡೆಯನ್ನು, ಅಥವಾ ಅದೇ ಬಗೆಯ ಒಂದು ತುಂಡನ್ನು, ಪ್ರಾಣಿಯ ಜೊತೆಗೆ ಆಸ್ಪತ್ರೆಗೆ ಕೊಂಡೊಯ್ದು, ಎಷ್ಟು ಉದ್ದ ಕಾಣೆಯಾಗಿದೆಯೆಂದು ಅಂದಾಜು ಹೇಳುವುದು.

ವೈದ್ಯರು ಮೊದಲು ನೋಡುವ ಜಾಗ ನಾಲಿಗೆಯ ಅಡಿ. ಬೆಕ್ಕಿನ ಬಾಯಿ ತೆರೆದು, ಕೆಳದವಡೆಯ ಎರಡು ಎಲುಬುಗಳ ನಡುವಿನ ಮೆತ್ತನೆಯ ಭಾಗವನ್ನು ಹೊರಗಿನಿಂದ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದರೆ ನಾಲಿಗೆ ಎದ್ದು ಅದರ ಬುಡ ಕಾಣುತ್ತದೆ. ನೋವಿನಿಂದ ಕಚ್ಚಲು ಬರುವ ಬೆಕ್ಕಿಗೆ ಮಂಪರಿನ ಔಷಧಿ ಕೊಟ್ಟೇ ಇದನ್ನು ಮಾಡಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ದಾರ ಕಾಣದಿದ್ದರೂ ಅದರ ಪರಿಣಾಮ ಕಾಣುತ್ತದೆ: ಕರುಳಿನ ಸುತ್ತುಗಳು ಹೊಟ್ಟೆಯ ತುಂಬ ಹರಡಿರುವ ಬದಲು ಒಂದೆಡೆ ಒತ್ತೊತ್ತಾಗಿ ಕೂಡಿರುತ್ತವೆ, ಅವುಗಳೊಳಗಿನ ಗಾಳಿ ಉದ್ದ ಕೊಳವೆಯಾಗಿ ಇರದೆ ಅಲ್ಪವಿರಾಮ ಚಿಹ್ನೆಯ ಆಕಾರದ ಸಣ್ಣ ಗುಳ್ಳೆಗಳಾಗಿ ಒಡೆದಿರುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ನೆರಿಗೆಗಳೂ, ಅವುಗಳ ನಡುವೆ ಹಾದುಹೋಗುವ ಬೆಳ್ಳನೆಯ ಗೆರೆಯೂ ಕಾಣಬಹುದು. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು, ಶಿವಮೊಗ್ಗ, ಹಾಸನ, ಬೀದರಿನ ಕಾಲೇಜುಗಳು, ದೊಡ್ಡ ಊರುಗಳ ಖಾಸಗಿ ಚಿಕಿತ್ಸಾಲಯಗಳಲ್ಲಿ ಇಂಥ ಪರೀಕ್ಷೆಗಳಿಗೆ ಅವಕಾಶವಿದೆ. ತಾಲ್ಲೂಕು ಮಟ್ಟದಲ್ಲಿ, ದನ ಎಮ್ಮೆಗಳ ಚಿಕಿತ್ಸೆಗೆಂದೇ ರೂಪುಗೊಂಡ ವ್ಯವಸ್ಥೆಯಲ್ಲಿ, ಬೆಕ್ಕಿಗೆ ಅಲ್ಟ್ರಾಸೌಂಡ್ ಸಿಗುವುದು ಸುಲಭವಲ್ಲವಾದ್ದರಿಂದ, ನಾಲಿಗೆಯ ಅಡಿಯನ್ನು ನೋಡುವ ಖರ್ಚಿಲ್ಲದ ಪರೀಕ್ಷೆಗೆ ಅಲ್ಲಿ ಇನ್ನೂ ಹೆಚ್ಚಿನ ಬೆಲೆಯಿದೆ.

ಚಿಕಿತ್ಸೆ ಬಹುಪಾಲು ಶಸ್ತ್ರಕ್ರಿಯೆಯೇ. ವಾಂತಿಯಿಂದ ಕಳೆದುಹೋದ ನೀರು, ಪೊಟಾಸಿಯಂ, ಕ್ಲೋರೈಡುಗಳನ್ನು ರಕ್ತನಾಳದ ಮೂಲಕ ತುಂಬಿಕೊಟ್ಟ ಮೇಲೆ, ಹೊಟ್ಟೆ ತೆರೆದು, ಮೊದಲು ದಾರ ಸಿಕ್ಕಿಕೊಂಡಿರುವ ನೆಲೆಯನ್ನು ಬಿಡಿಸುತ್ತಾರೆ. ನಾಲಿಗೆಯ ಬುಡದಲ್ಲಾದರೆ ಅಲ್ಲಿ ಕತ್ತರಿಸುತ್ತಾರೆ, ಜಠರದಲ್ಲಾದರೆ ಜಠರವನ್ನು ಸೀಳಿ ಬಿಡಿಸುತ್ತಾರೆ. ಅನಂತರ ಕರುಳಿನಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ಸೀಳು ಮಾಡಿ ದಾರವನ್ನು ತುಂಡು ತುಂಡಾಗಿ ಹೊರತೆಗೆಯುತ್ತಾರೆ. ಕೆಲವು ಸಂದರ್ಭಗಳಲ್ಲಿ ಒಂದೇ ಸೀಳಿನ ಮೂಲಕ ದಾರದ ತುದಿಯನ್ನು ಮೆದು ರಬ್ಬರ್ ನಳಿಕೆಗೆ ಕಟ್ಟಿ, ನಳಿಕೆಯನ್ನು ಕರುಳಿನ ಉದ್ದಕ್ಕೂ ಕೈಯಿಂದ ಸರಿಸುತ್ತ ಗುದದ್ವಾರದ ಮೂಲಕ ಹೊರತರುವ ಕುಶಲ ವಿಧಾನವೂ ಬಳಕೆಯಲ್ಲಿದೆ. ಮೆಸೆಂಟರಿಯ ಬದಿಯ ಸಣ್ಣ ತೂತುಗಳು ಅಲ್ಲಿನ ಕೊಬ್ಬಿನಲ್ಲಿ ಮರೆಯಾಗಿರುವುದರಿಂದ, ದಾರ ತೆಗೆದ ಮೇಲೆ ಆ ಅಂಚನ್ನು ಇಂಚಿಂಚಾಗಿ ಪರೀಕ್ಷಿಸುವುದು ಶಸ್ತ್ರವೈದ್ಯರ ತಾಳ್ಮೆಯ ಕೆಲಸ. ಜೀವ ಕಳೆದುಕೊಂಡ ಭಾಗವಿದ್ದರೆ ಅದನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿಯಬೇಕಾಗುತ್ತದೆ. ಶಸ್ತ್ರಕ್ರಿಯೆಯಿಲ್ಲದೆ ಪಾರಾಗುವ ಬೆಕ್ಕುಗಳೂ ಇವೆ. ನಾಲಿಗೆಯ ಬುಡದ ದಾರವನ್ನು ಬೇಗನೆ ಕತ್ತರಿಸಿ, ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಕಾದು ನೋಡುವ ಕ್ರಮವನ್ನು 1987ರ ಅಧ್ಯಯನವೊಂದು ಪರಿಶೀಲಿಸಿ, ಹಾಗೆ ಕಾದ ಬೆಕ್ಕುಗಳಲ್ಲಿ ಸರಿಸುಮಾರು ಅರ್ಧದಷ್ಟು ಗುಣವಾದವೆಂದೂ ಉಳಿದವಕ್ಕೆ ಶಸ್ತ್ರಕ್ರಿಯೆ ಬೇಕಾಯಿತೆಂದೂ ಕಂಡುಕೊಂಡಿತು. ಆ ಅರ್ಧದ ಭರವಸೆ ವೈದ್ಯರ ಕಣ್ಣೆದುರಿನ ಬೆಕ್ಕಿಗೆ ಸಲ್ಲುವಂಥದ್ದು, ಮನೆಯಲ್ಲಿ ಕಾಯುತ್ತಿರುವ ಬೆಕ್ಕಿಗೆ ಸಲ್ಲುವಂಥದ್ದಲ್ಲ. ನಾಯಿಗಳ ಪಾಡು ಇನ್ನೂ ಕಠಿಣ. 1994ರಲ್ಲಿ 32 ನಾಯಿಗಳ ಪ್ರಕರಣಗಳನ್ನು ಬೆಕ್ಕುಗಳೊಂದಿಗೆ ಹೋಲಿಸಿ ನೋಡಿದಾಗ ನಾಯಿಗಳಲ್ಲಿ ಕರುಳಿನ ಹಾನಿಯೂ ಪೆರಿಟೊನೈಟಿಸ್ಸೂ ಹೆಚ್ಚಾಗಿ ಕಂಡುಬಂದಿದ್ದವು. ಶಸ್ತ್ರಕ್ರಿಯೆಯಾದ ಮೂರರಿಂದ ಐದನೆಯ ದಿನದ ಅವಧಿಯಲ್ಲಿ ಹೊಲಿಗೆ ಬಿಟ್ಟುಕೊಂಡು ಸೋರುವ ಭಯ ಅಧಿಕವಾಗಿರುವುದರಿಂದ, ಆ ದಿನಗಳಲ್ಲಿ ಜ್ವರ, ಮಂಕು, ಮರಳಿದ ವಾಂತಿ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ತಡೆಯುವ ಕೆಲಸ ದಾರವನ್ನು ಬಳಸುವಾಗಿನದಕ್ಕಿಂತ ಬಳಸಿ ಮುಗಿದ ಕ್ಷಣದ್ದು. ಹೊಲಿಗೆಯ ಪೆಟ್ಟಿಗೆಗೆ ಮುಚ್ಚಳವಿದ್ದು, ಸೂಜಿಯಿಂದ ದಾರ ಬಿಡಿಸಿ ಇಡುವುದು, ಬೇಕರಿಯ ದಾರವನ್ನೂ ಮೂಟೆಯ ಹೊಲಿಗೆಯನ್ನೂ ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಿ ಮುಚ್ಚಿದ ಬುಟ್ಟಿಗೆ ಹಾಕುವುದು, ಬೆಕ್ಕಿನೊಂದಿಗೆ ಕೋಲಿಗೆ ಕಟ್ಟಿದ ದಾರದಿಂದ ಆಡಿದ ಮೇಲೆ ಅದನ್ನು ಬೀರುವಿನೊಳಗೆ ಇಡುವುದು ಇವು ಒಂದು ನಿಮಿಷದ ಕೆಲಸಗಳು. ಒಮ್ಮೆ ದಾರ ನುಂಗಿ ಬದುಕಿದ ಬೆಕ್ಕು ಆ ನೋವಿನಿಂದ ಪಾಠ ಕಲಿಯುವುದಿಲ್ಲವಾದ್ದರಿಂದ, ಅಂಥ ಮನೆಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ದೇವರಿಗೆ ಏರಿಸಿದ ಹಾರವನ್ನು ಮರುದಿನ ಬೀದಿಯ ಹಸುವಿಗೆ ಹಾಕುವ ಮನೆಗಳೂ ಇದಕ್ಕೆ ಹೊರತಲ್ಲ. ಹಸುವಿನ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ದೊಡ್ಡದಾದ ರೂಮೆನ್ ಎಂಬ ಕೋಣೆಗೆ ಹೋದ ನೈಲಾನ್ ದಾರ ಕರಗದೆ, ಪ್ಲಾಸ್ಟಿಕ್ ಚೀಲಗಳ ಜೊತೆ ಹೆಣೆದುಕೊಂಡು ವರ್ಷಗಳ ಕಾಲ ಉಂಡೆಯಾಗಿ ಬೆಳೆಯುತ್ತದೆ ಮತ್ತು ಹೊಟ್ಟೆಯ ಪಕ್ಕೆಯನ್ನು ಸೀಳಿ ತೆಗೆಯುವ ರೂಮೆನೊಟಮಿ ಎಂಬ ಶಸ್ತ್ರಕ್ರಿಯೆಯಿಂದ ಮಾತ್ರ ಹೊರಬರುತ್ತದೆ. ದಾರವನ್ನು ಬಿಡಿಸಿ ಹೂವನ್ನಷ್ಟೇ ಹಸುವಿನ ಮುಂದಿಟ್ಟರೆ ಅದರ ಪಾಲಿಗೆ ಹಾರದಲ್ಲಿ ಕಡಿಮೆಯಾಗುವುದೇನೂ ಇಲ್ಲ.